ಕಲ್ಲೊಟ್ಟು ಗುಡ್ಡದ ಮರಣಗಂಟೆ

ಕಲ್ಲೊಟ್ಟು ಗುಡ್ಡ
ಮೊಂತಿ ಹಬ್ಬದ ಮರುದಿನ, ಇಸವಿ 2211

ಪ್ರೀತಿಯ ಸೆವ್ರಿನ್ ಅಜ್ಜನಿಗೆ,

ನೀವು ತೀರಿಕೊಂಡು ನೂರಿಪ್ಪತ್ತು ವರ್ಷಗಳ ನಂತರ ನಿಮ್ಮದೇ ಸಂತಾನದಲ್ಲಿ ಹುಟ್ಟಿದ ಎವ್ಲಾಲಿಯಾ ಬರೆಯುತ್ತಿದ್ದೇನೆ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕನ್ನಡವನ್ನು ನಿಮ್ಮ ದಿನಚರಿ ಓದಿಯೇ ಕಲಿತದ್ದು.

ನೀವು ಗಂಟೆ ಬಾರಿಸುತ್ತಿದ್ದ ಇಗರ್ಜಿ ಇನ್ನೂ ಗುಡ್ಡದ ತುದಿಯಲ್ಲಿ ನಿಂತಿದೆ. ಕೆಳಗಿನ ಗದ್ದೆಗಳ ಮೇಲೆ ಮಾತ್ರ ಕಡಲು ಬಂದಿದೆ. ನಮ್ಮವರು ತೇಲುಮನೆಗಳಲ್ಲಿದ್ದಾರೆ, ನೀರು ಏರಿದರೆ ತಾನೂ ಏರುವ ಮನೆಯನ್ನು ಹಾಗೆನ್ನುತ್ತೇವೆ. ಮೊಂತಿ ಹಬ್ಬಕ್ಕೆ ಇಗರ್ಜಿಗೆ ತರುವ ಹೊಸ ತೆನೆಯನ್ನು ತೊಟ್ಟಿಯಲ್ಲಿ ಬೆಳೆಯುತ್ತೇವೆ. ದಿನಕ್ಕೆ ಆರು ದೋಣಿ ಪ್ರವಾಸಿಗರು ಬರುತ್ತಾರೆ. ಅವರಿಗೆ ಬಣ್ಣದ ಗಾಜು, ಗೋಡೆಯ ಚಿತ್ರ, ಇಳಿಜಾರಿನ ಸಮಾಧಿಗಳನ್ನು ತೋರಿಸುವುದು ನನ್ನ ಕೆಲಸ. ಎಲ್ಲದರ ಪಕ್ಕ ನಿಂತು ನೆರಳಚ್ಚು ತೆಗೆಸಿಕೊಳ್ಳುತ್ತಾರೆ. ಅದು ನಿಮ್ಮ ಫೋಟೋದ ಮೊಮ್ಮಗ, ಬೆನ್ನು ಕೂಡ ಕಾಣುತ್ತದೆ. ಕೊನೆಗೆ ಎಲ್ಲರಿಗೂ ಬೇಕಾಗುವುದು ಗಂಟೆಯ ಹಗ್ಗ.

ಆ ಹಗ್ಗವನ್ನು ಅವರ ಕೈಗೆ ಕೊಟ್ಟವರು ನೀವು, ಅಜ್ಜ. ಜನ ಬಂದರೆ ಇಗರ್ಜಿ ಉಳಿಯುತ್ತದೆ ಎಂದು ಬರೆದಿದ್ದೀರಿ. ಉಳಿದದ್ದೂ ನಿಜ. ಆದರೆ ಮರಣಗಂಟೆಯನ್ನು ಯಾಕೆ ಕಲಿಸಿದಿರಿ? ಹೆಂಗಸು ಸತ್ತರೆ ಎರಡೆರಡು ಬಡಿತ, ಗಂಡಸು ಸತ್ತರೆ ಮೂರು ಮೂರು. ಕೇಳಿದ ಮನೆಯಿಂದ ಒಬ್ಬರಾದರೂ ಗುಡ್ಡ ಹತ್ತಿ ಶವಪೆಟ್ಟಿಗೆಗೆ ಹೆಗಲು ಕೊಡಬೇಕು. ಪ್ರವಾಸಿಗರಿಗೆ ಅದೇ ಬಲು ಇಷ್ಟವಾಯಿತು. ಈಗ ದಿನಕ್ಕೆ ನಲವತ್ತು ಹೆಂಗಸರು ಸಾಯುತ್ತಾರೆ! ಕೆಳಗಿನವರು ಅದನ್ನು ಕಿವಿಗೆ ಹಾಕಿಕೊಳ್ಳುವುದು ಬಿಟ್ಟು ಮೂರು ತಲೆಮಾರಾಯಿತು.

ಇಂದು ಬೆಳಿಗ್ಗೆ ಅಮ್ಮ ತೀರಿಕೊಂಡಳು. "ಯಾರನ್ನೂ ಕರೀಲಿಕ್ಕೆ ಹೋಗ್ಬೇಡ ಮಗಾ. ಗಂಟೆ ಬಡಿ, ಬರ್ತಾರೆ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಎರಡೆರಡು ಬಡಿದೆ. ಅಂಗಳದಲ್ಲಿದ್ದವರು ಚಪ್ಪಾಳೆ ತಟ್ಟಿದರು. "ಇನ್ನೊಂದ್ಸಲ ಹೊಡೀರಿ, ನೆರಳಚ್ಚು ಸಿಗ್ಲಿಲ್ಲ" ಎಂದಳು ಒಬ್ಬಳು. ಅವಳ ಮೇಲೆ ಸಿಟ್ಟು ಬಂತು, ನಿಮ್ಮ ಮೇಲೆ ಅದಕ್ಕಿಂತ ಹೆಚ್ಚು. ಕೆಳಗಿನಿಂದ ಒಂದು ದೋಣಿಯೂ ಹೊರಡಲಿಲ್ಲ.

ಪ್ರವಾಸಿಗರ ಕೊನೆಯ ದೋಣಿ ಹೋದ ಮೇಲೆ ಮತ್ತೆ ಬಡಿದೆ. ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದು ಕೇಳಿ ಖುಷಿಯಿಂದ ಹೊರಗೆ ಓಡಿದೆ. ಯಾರೂ ಇರಲಿಲ್ಲ. ಸದ್ದು ಸಮಾಧಿಗಳ ಕಡೆಯಿಂದ ಬಂದು, ನನ್ನನ್ನು ದಾಟಿ ಒಳಗೆ ಹೋಯಿತು. ಸಮಾಧಿಗಳಲ್ಲಿ ಮಲಗಿದ್ದವರು, ನೀವು ಹಗ್ಗ ಬಿಟ್ಟುಕೊಡುವ ಮೊದಲು ಬಡಿತ ಎಣಿಸಲು ಕಲಿತವರು ಅವರು. ಈಗ ಇಗರ್ಜಿಯೊಳಗೆ, ಪೆಟ್ಟಿಗೆಯಲ್ಲಿ ಮಲಗಿರುವ ಅಮ್ಮನ ಸುತ್ತ ಖಾಲಿ ಬೆಂಚುಗಳು ಕಿರ್ರೆನ್ನುತ್ತಿವೆ. ನನಗೆ ಹೆದರಿಕೆಯಾಗುತ್ತಿದೆ. ಎಡಗಾಲು ಎಳೆಯುತ್ತ ಎಲ್ಲರಿಗಿಂತ ಕೊನೆಗೆ ಬಂದ ಹೆಜ್ಜೆ ನಿಮ್ಮದೇ ಇರಬೇಕು. ಆ ಕಾಲಿನ ನೋವಿನ ಬಗ್ಗೆ ದಿನಚರಿಯಲ್ಲಿ ಬಹಳ ಬರೆದಿದ್ದೀರಿ.

ಬಂದದ್ದು ದೊಡ್ಡ ಉಪಕಾರ, ಅಜ್ಜ. ಆದರೆ ನೀವೆಲ್ಲ ಸೇರಿದರೂ ಪೆಟ್ಟಿಗೆ ಏಳುತ್ತಿಲ್ಲ. ಈ ಕಾಗದ ಹೇಗಾದರೂ ನೀವು ಬದುಕಿದ್ದ ಕಾಲಕ್ಕೇ ತಲುಪಿದರೆ, ಬಂದವರಿಗೆ ಏನು ಬೇಕಾದರೂ ತೋರಿಸಿ, ಹಗ್ಗ ಮಾತ್ರ ಕೊಡಬೇಡಿ. ಪೆಟ್ಟಿಗೆಯ ಒಂದು ಮೂಲೆ ನಾನು ಹಿಡಿಯುತ್ತೇನೆ. ಇನ್ನು ಮೂರು ಹೆಗಲು ಬೇಕು, ಬದುಕಿರುವವರದ್ದು.

ನಿಮ್ಮ
ಎವ್ಲಾಲಿಯಾ