ನಿನ್ನ ಗುಂಪಿನ ಮಾತ್ರೆ

ಜೂನ್ 1, ಭಾನುವಾರ

ಪ್ರೀತಿಯ ಟೀಚರಮ್ಮನಿಗೆ,

ನೀನೂ ನಿನ್ನ ಮನೆಯವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಶಾಲೆಗಳು ಶುರುವಾಗುವ ಹೊತ್ತು, ಅಂಗಡಿಯ ತುಂಬ ಯೂನಿಫಾರಂ ಬಟ್ಟೆ. ಮೆಷಿನ್ ಬಿಟ್ಟು ಏಳಲು ಪುರುಸೊತ್ತಿಲ್ಲ. ಉದುರಿದ್ದ ತಲೆಗೂದಲು ಮತ್ತೆ ಬಂದಿದೆ, ಅದೂ ಗುಂಗುರಾಗಿ. ಮೊನ್ನೆ ನಮ್ಮ ಯಜಮಾನರು ಹಿಂದಿನಿಂದ ನೋಡಿ, ಯಾರೋ ಹೊಸ ಗಿರಾಕಿ ಎಂದುಕೊಂಡು ನನಗೇ ಕುರ್ಚಿ ಎಳೆದುಕೊಟ್ಟರು. ಇಷ್ಟು ವರ್ಷದಲ್ಲಿ ಸಿಕ್ಕ ಮೊದಲ ಮರ್ಯಾದೆ ಎಂದು ಖುಷಿಯಿಂದಲೇ ಕೂತೆ.

ಆದರೆ ನಿನ್ನ ಮೇಲೆ ಕೆಟ್ಟ ಕೋಪ ಬಂದಿದೆ. ಹೋದ ತಿಂಗಳು ನಿನ್ನ ಸೊಸೆ ಫೋನ್ ಮಾಡಿದ್ದಳು. ನೀನು ಮಾತ್ರೆ ನುಂಗುವುದನ್ನೇ ನಿಲ್ಲಿಸಿದ್ದೀಯಂತೆ. ಕೇಳಿದರೆ "ಟೈಲರಮ್ಮಂಗೆ ಇಲ್ಲದ್ದು ನಂಗ್ಯಾಕೆ?" ಅಂದೆಯಂತೆ.

ಅಲ್ಲ ಕಣೆ, ನಿನಗೆ ತಲೆ ನೆಟ್ಟಗಿದೆಯಾ? ಒಂದೇ ಕಾಯಿಲೆ, ಒಂದೇ ವಾರದಲ್ಲಿ ಆಪರೇಷನ್, ಒಂದೇ ದಿನ ಪಕ್ಕಪಕ್ಕದ ಮಂಚದಲ್ಲಿ ಕೀಮೋ ಡ್ರಿಪ್, ಎಲ್ಲ ನಿಜ. ನಿನಗೆ ವಾಂತಿಯಾದರೆ ನನಗೂ ಆಗುತ್ತಿತ್ತು. ಅಂಡಾಶಯದ ಕ್ಯಾನ್ಸರ್ ಅಂದರೆ ಎಲ್ಲರಿಗೂ ಒಂದೇ ಎಂದು ನಾನೂ ತಿಳಿದಿದ್ದೆ. ಗಡ್ಡೆಯ ಚೂರುಗಳನ್ನು ಲ್ಯಾಬಿಗೆ ಕಳಿಸಿ, ಅದರ ಜೀನ್ ಪರೀಕ್ಷಿಸಿ, ನಮ್ಮಿಬ್ಬರನ್ನು ಬೇರೆ ಬೇರೆ ಗುಂಪಿಗೆ ಹಾಕಿ, ನಿನ್ನ ಗುಂಪಿಗೆ ಮಾತ್ರ ಈ ಮಾತ್ರೆ ಬರೆದುಕೊಟ್ಟಾಗ ನನಗೂ ಹೊಟ್ಟೆ ಉರಿದಿತ್ತು. ನಿನ್ನ ಹತ್ತಿರ ಮುಚ್ಚುಮರೆ ಏನು?

ಹೋದ ವಾರ ಚೆಕಪ್‌ಗೆ ಹೋದಾಗ ಡಾಕ್ಟರಮ್ಮನ ಹತ್ತಿರ ಜಗಳವನ್ನೇ ತೆಗೆದೆ. ನನ್ನನ್ನೂ ಟೀಚರ್ ಗುಂಪಿಗೆ ಸೇರಿಸಿಬಿಡಿ, ಇಲ್ಲದಿದ್ದರೆ ಅವಳು ಮಾತ್ರೆ ಮುಟ್ಟುವುದಿಲ್ಲ ಎಂದೆ. ಆಕೆ ಕನ್ನಡಕ ತೆಗೆದಿಟ್ಟು ನಕ್ಕರು.

"ಇದು ಶಾಲೆ ಬೆಂಚಲ್ಲಮ್ಮ, ಸ್ನೇಹಿತೇರನ್ನ ಒಟ್ಟಿಗೆ ಕೂರ್ಸೋಕೆ."

ಆಮೇಲೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಜೀವಕೋಶದೊಳಗೆ ಏನಾದರೂ ತುಂಡಾದರೆ ಅದನ್ನು ಸರಿಮಾಡಿಕೊಳ್ಳುವ ಶಕ್ತಿ ಅದಕ್ಕೇ ಇರುತ್ತದಂತೆ. ನಿನ್ನ ಗಡ್ಡೆಯಲ್ಲಿ ಆ ಶಕ್ತಿ ಕೆಟ್ಟಿದೆ. ಈ ಮಾತ್ರೆ ಅದಕ್ಕೆ ಉಳಿದ ಇನ್ನೊಂದು ದಾರಿಯನ್ನೂ ಮುಚ್ಚಿ, ಅಳಿದುಳಿದ ಕ್ಯಾನ್ಸರ್ ಕಣಗಳನ್ನು ಸಾಯಿಸುತ್ತದೆ. ನನ್ನ ಗಡ್ಡೆಯಲ್ಲಿ ರಿಪೇರಿ ಚೆನ್ನಾಗಿಯೇ ನಡೆಯುತ್ತದಂತೆ. ದರ್ಜಿಯ ಗಡ್ಡೆ ನೋಡು, ಹರಿದದ್ದನ್ನು ತಾನೇ ಹೊಲಿದುಕೊಳ್ಳುತ್ತದೆ! ಆ ಮಾತ್ರೆ ನುಂಗಿದರೆ ನನಗೆ ಸುಸ್ತು, ವಾಕರಿಕೆ ಬಿಟ್ಟರೆ ಹೆಚ್ಚೇನೂ ದಕ್ಕುವುದಿಲ್ಲ. ನನ್ನ ಪಾಲಿನದನ್ನು ಕಿತ್ತು ಯಾರೂ ನಿನಗೆ ಕೊಟ್ಟಿಲ್ಲ ಕಣೆ.

ನೀನು ಮಾತ್ರೆ ಬಿಟ್ಟರೆ ನನಗೆ ಬರುವುದೇನು? ನಿನ್ನ ಚಿಂತೆಯಲ್ಲಿ ತೋಳನ್ನು ಉಲ್ಟಾ ಹೊಲಿದು, ಬಿಚ್ಚಿ, ಮತ್ತೆ ಹೊಲಿಯುವ ಕೆಲಸ. ನಾಳೆಯೇ ಡಾಕ್ಟರಮ್ಮನನ್ನು ಕೇಳಿಕೊಂಡು ಮತ್ತೆ ಶುರುಮಾಡು. ನಿನ್ನ ಸೊಸೆಯನ್ನು ಕಾವಲಿಗೆ ಇಟ್ಟಿದ್ದೇನೆ, ಅವಳ ಮೇಲೆ ರೇಗಬೇಡ.

ನಿನಗಿಂತ ದೊಡ್ಡವಳೆಂಬ ಅಧಿಕಾರದಿಂದ ಹರಸುತ್ತೇನೆ: ಮೊಮ್ಮಗಳ ಮಗ್ಗಿ ತಿದ್ದುತ್ತಾ, ಮನೆಮಂದಿಯನ್ನೆಲ್ಲ ಗೋಳುಹೊಯ್ದುಕೊಳ್ಳುತ್ತಾ ಬಹಳ ಕಾಲ ಬಾಳು.

ಇತಿ ನಿನ್ನ,
ಟೈಲರಮ್ಮ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಹೋದ ವಾರದ ಸ್ಕ್ಯಾನ್‌ನಲ್ಲಿ ನನ್ನ ಗಡ್ಡೆ ಮತ್ತೆ ಕಾಣಿಸಿಕೊಂಡಿದೆ. ಇನ್ನೆಂಟು ದಿನಕ್ಕೆ ಮತ್ತೆ ಡ್ರಿಪ್ ಶುರು. ಬೇರೆ ಔಷಧಿಗಳಿವೆ ಎಂದು ಡಾಕ್ಟರಮ್ಮ ಧೈರ್ಯ ಹೇಳಿದ್ದಾರೆ, ಆದರೂ ಭಯವಾಗುತ್ತದೆ ಕಣೆ. ಸುದ್ದಿ ಕೇಳಿದ ಕೂಡಲೇ, ಈ ಸಲವೂ ಪಕ್ಕದ ಮಂಚದಲ್ಲಿ ನೀನೇ ಇದ್ದಿದ್ದರೆ ಅನ್ನಿಸಿತು. ಮರುಕ್ಷಣವೇ, ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ ಎಂದುಕೊಂಡೆ. ಬಾ, ಖಂಡಿತ ಬಾ. ಆದರೆ ನೋಡಲು ಬಂದವರ ಸ್ಟೂಲಿನ ಮೇಲೆ ಮಾತ್ರ ಕೂರು.