ಅಂಟು ಒಣಗುವವರೆಗೆ

ಬೈಂಡಿಂಗ್ ಅಂಗಡಿಯಿಂದ,
ಸೋಮವಾರ, ಹದಿನೈದನೇ ತಾರೀಖು

ಪ್ರೀತಿಯ ಡಬರಿ,

ಹೇಗಿದ್ದೀಯಪ್ಪ? ಭುಜದ ನೋವು ಇಳಿಯಿತೇ? ಊರೂರು ಬಸ್ಸಿನಲ್ಲಿ ಸುತ್ತಿ, ಇಳಿದ ಕೂಡಲೇ ಡ್ರಮ್ ಬಾರಿಸಿದರೆ ಭುಜವಾದರೂ ಏನು ಮಾಡೀತು. ಅಡುಗೆಮನೆಯ ಡಬರಿ ಬಾರಿಸಿ ಈ ಹೆಸರು ಪಡೆದ ಕಾಲವಲ್ಲ ಇದು. ಬಿಸಿನೀರಿನ ಶಾಖ ಕೊಟ್ಟುಕೋ ಎಂದು ಬರೆಯಲು ನಿನ್ನ ಅಜ್ಜಿ ಹೇಳುತ್ತಿದ್ದಾಳೆ. ಹೇಳುವುದೇನು, ಪೆನ್ನು ಹಿಡಿದ ನನ್ನ ಕೈಯನ್ನೇ ಅಲುಗಿಸುತ್ತಿದ್ದಾಳೆ. ಅಕ್ಷರ ಸೊಟ್ಟಗಾಗಿದ್ದರೆ ತಪ್ಪು ಅವಳದು. ನಾವಿಬ್ಬರೂ ಗಟ್ಟಿಯಾಗಿದ್ದೇವೆ. ಈ ಕಾಗದ ನಿನ್ನ ತಂಗಿಯ ಸುದ್ದಿಗಾಗಿ.

ನೀನು ಕಳಿಸಿದ ಟಿಕೆಟ್ಟಿನಲ್ಲಿ ಮೂವರೂ ಆ ಕ್ರೀಡಾಂಗಣಕ್ಕೆ ಬಂದಿದ್ದೆವಲ್ಲ, ನಿಜ ಹೇಳಲೇ? ನೀನು ನನಗೆ ಸಾಸಿವೆ ಕಾಳಿನಷ್ಟು ಕಂಡೆ. "ಅದೋ ನೋಡಿ, ನಮ್ಮ ಕೂಸು" ಎಂದು ನಿನ್ನ ಅಜ್ಜಿ ಅಷ್ಟು ಹೊತ್ತು ಕೈ ತೋರಿಸಿದ್ದು ವೈರು ಎಳೆಯುವ ಯಾರನ್ನೋ. ಆಮೇಲೆ ಮನೆಯಷ್ಟು ಎತ್ತರದ ಪರದೆಯ ಮೇಲೆ ನಿನ್ನ ಮುಖ ಬಂತು, ಮೂಗಿನ ಮೇಲಿನ ಬೆವರಿನ ಸಮೇತ. ಅವಳು ಪಕ್ಕದ ಸಾಲಿನವರಿಗೆಲ್ಲ ಸಾರಿಬಿಟ್ಟಳು. ಚೆನ್ನಾಗಿರಲಿಲ್ಲ ಎನ್ನಲಾರೆ. ಅಷ್ಟು ಸಾವಿರ ಜನ ಒಟ್ಟಿಗೆ ಹಾಡಿದಾಗ ನನ್ನ ಮುದಿ ಎದೆಗೂಡೂ ಗುಡುಗಿತು. ಆದರೆ ಕಡೆಯ ಹಾಡಿಗೆ ಮುಂಚೆಯೇ ಎಷ್ಟೋ ಜನ ಕಾರು ತೆಗೆಯಲೆಂದು ಎದ್ದು ಹೊರಟರು. ನಿನ್ನ ತಂಗಿ ಅವರ ಬೆನ್ನನ್ನೇ ನೋಡುತ್ತಿದ್ದಳು. ಕಾಲೇಜಿನ ದೊಡ್ಡ ಸಭಾಂಗಣದಲ್ಲಿ ಹಾಡು ನಡುವೆ ಮರೆತು, ಜನ ಎದ್ದುಹೋದ ಮೇಲೆ ಅವಳು ಯಾರೆದುರೂ ಬಾಯಿ ತೆರೆದಿರಲಿಲ್ಲ, ನಿನಗೆ ಗೊತ್ತೇ ಇದೆ. ಮನೆಗೆ ಬಂದವಳು, "ಅಣ್ಣನ್ನೇ ಬಿಟ್ಟು ಎದ್ದು ಹೋಗ್ತಾರೆ ತಾತ, ನನ್ನ ಹಾಡು ಯಾರು ಕೂತು ಕೇಳ್ತಾರೆ?" ಎಂದಳು.

ಈಗ ಮೊನ್ನೆಯ ಸಂಗತಿ ಕೇಳು. ಶನಿವಾರ ಸಂಜೆ ನಮ್ಮ ಅಂಗಡಿಯಲ್ಲಿ ಪಿಟೀಲು ಮೇಷ್ಟ್ರು ನುಡಿಸುವುದು, ಬೀದಿಯವರು ಬಂದು ಕಾಗದದ ಕಟ್ಟುಗಳ ಮೇಲೆ ಕೂತು ಕೇಳುವುದು ಮೊದಲಿನಂತೆಯೇ ನಡೆದಿದೆ. ಮೊನ್ನೆ ಮಧ್ಯಾಹ್ನ ಗ್ರಂಥಾಲಯದ ದಪ್ಪ ನಿಘಂಟುಗಳಿಗೆಲ್ಲ ರಟ್ಟು ಅಂಟಿಸಿ ಮುಗಿಸಿದ್ದೆ, ಅಷ್ಟರಲ್ಲಿ ಒತ್ತುಯಂತ್ರದ ತಿರುಪು ಕಿತ್ತು ಕೈಗೇ ಬಂತು. ಭಾರ ಹೇರದಿದ್ದರೆ ಹಸಿ ರಟ್ಟು ಬಿಸಿಲಿಗೆ ಬಿದ್ದ ಎಲೆಯಂತೆ ಮುದುಡುತ್ತದೆ. ಭಾರ ಎಲ್ಲಿಂದ ತರಲಿ? ಪುಸ್ತಕಗಳನ್ನು ಸಾಲಾಗಿ ಜೋಡಿಸಿ, ಮೇಲೆ ಹಲಗೆ ಹಾಕಿ, ಹಾಡು ಕೇಳಲು ಬಂದವರನ್ನೇ ಅದರ ಮೇಲೆ ಕೂರಿಸಿದೆ! "ಅಂಟು ಒಣಗೋ ತನಕ ಯಾರೂ ಏಳೋ ಹಾಗಿಲ್ಲ, ಎದ್ದೋರು ನಿಘಂಟು ಪೂರ್ತಿ ಕೈಯಲ್ಲಿ ಬರೆದುಕೊಡಬೇಕು" ಎಂದೆ. ಬೇಕರಿಯವಳು, "ನನ್ನಂಥ ಭಾರ ನಿಮಗೆ ಇನ್ನೆಲ್ಲಿ ಸಿಗತ್ತೆ, ಒಂದು ಹಲಗೆ ನನ್ನೊಬ್ಬಳಿಗೇ ಬಿಡಿ" ಎಂದು ಧಡಕ್ಕನೆ ಕೂತಳು. ಹಲ್ಲಿನ ಡಾಕ್ಟರು ಕಡ್ಡಿಯ ಹಾಗಿದ್ದಾರಲ್ಲ, ಅವರ ತೊಡೆಯ ಮೇಲೆ ನಿನ್ನ ಅಜ್ಜಿಯ ಹಳೇ ಇಸ್ತ್ರಿಪೆಟ್ಟಿಗೆ ಇಟ್ಟು, ನಾನೂ ಪಕ್ಕದಲ್ಲೇ ಕೂತೆ.

ಮೇಷ್ಟ್ರು ಸ್ವಲ್ಪ ಹೊತ್ತು ನುಡಿಸಿ, ಕಮಾನು ಕೆಳಗಿಟ್ಟು, ಮೂಲೆಯಲ್ಲಿ ನಿಂತಿದ್ದ ನಮ್ಮ ಹುಡುಗಿಯ ಕಡೆ ತಿರುಗಿ, "ಬಾಮ್ಮಾ, ಇವತ್ತು ಇವರ‍್ಯಾರೂ ಓಡಿಹೋಗೋ ಹಾಗಿಲ್ಲ" ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು, ನಗುತ್ತಲೇ ಮುಂದೆ ಬಂದು ನಿಂತಳು, ಹಾಡಿದಳು. ನಡುವೆ ಅದೇ ಆಯಿತು ನೋಡು, ಸಾಲು ಮರೆತು ನಿಂತುಬಿಟ್ಟಳು. ಅವಳ ಕಣ್ಣು ಬಾಗಿಲ ಕಡೆ ಹೋಯಿತು. ಒಬ್ಬರೂ ಅಲುಗಲಿಲ್ಲ ಕಣೋ. ಡಾಕ್ಟರು ಇಸ್ತ್ರಿಪೆಟ್ಟಿಗೆಯನ್ನು ತಬ್ಬಿಕೊಂಡೇ, "ನಿಧಾನ ತಾಯಿ, ನಮಗೇನು ಅವಸರ? ಕೆಳಗಿನ್ನೂ ಹಸಿ ಇದೆ" ಎಂದರು. ಅವಳು ಕಿಸಕ್ಕನೆ ನಕ್ಕು, ಕಣ್ಣೊರೆಸಿಕೊಂಡು, ಮೊದಲಿನಿಂದ ಎತ್ತಿಕೊಂಡಳು. ಕೈಕೊಟ್ಟ ಸಾಲು ಬಂದಾಗ ಬೇಕರಿಯವಳ ಮುಖವನ್ನೇ ನೋಡುತ್ತ ಹಾಡಿ ದಾಟಿದಳು. ಆಮೇಲೆ ಬಿಚ್ಚಿಕೊಂಡಿತು ನೋಡು ಆ ದನಿ! ಅವಳು ಉಸಿರೆಳೆದದ್ದೂ ನನಗೆ ಕೇಳುತ್ತಿತ್ತು. ನನ್ನ ಅಂಗಡಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

ಹಾಡು ಮುಗಿಯುತ್ತಲೇ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಂಟು ಒಣಗಿರಲಿಲ್ಲ! ಅರ್ಧಕ್ಕರ್ಧ ರಟ್ಟುಗಳು ಸೊಟ್ಟಗಾಗಿವೆ, ಈಗ ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ. "ಏಳಬೇಡಿ ಅಂದಿರಲಿಲ್ವಾ?" ಎಂದು ಬೈಯಬೇಕಿದ್ದ ನಾನೇ ಎಲ್ಲರಿಗಿಂತ ಮೊದಲು ಎದ್ದಿದ್ದೆನೆಂದು ನಿನ್ನ ಅಜ್ಜಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಹೇಳಲಿ ಬಿಡು. ಇಂಥ ನಷ್ಟ ವಾರವಾರವೂ ಆಗಲಿ.

ನಿನ್ನ ಕೈಗೆ ಬಲ ಬರಲಿ, ಹೊತ್ತಿಗೆ ಸರಿಯಾಗಿ ಊಟ, ಕಣ್ಣತುಂಬ ನಿದ್ದೆ ಸಿಗಲಿ ಎಂದು ಹರಸುವ,

ನಿನ್ನ ತಾತ

ತಾ.ಕ.: ಅಂಚೆಯವಳು ಬಾಗಿಲಲ್ಲಿ ಕಾಯುತ್ತಿದ್ದಾಳೆ, ಬೇಗ ಹೇಳಿಬಿಡುತ್ತೇನೆ. ಬರುವ ತಿಂಗಳ ಮೊದಲ ಶನಿವಾರ ನಿನ್ನ ತಂಗಿ ಸಂಜೆಯಿಡೀ ತಾನೇ ಹಾಡುತ್ತಾಳಂತೆ. ತಾಳಕ್ಕೆ ಯಾರು ಎಂದು ಕೇಳಿದೆ. "ಅಣ್ಣನ್ನ ಮಾತ್ರ ಕೇಳಬೇಡಿ, ಅವನು ದೊಡ್ಡವನಾಗಿದ್ದಾನೆ, ಬರಲ್ಲ" ಎಂದಳು. ಮಧ್ಯಾಹ್ನ ನಾನು ಕೇಳದೆಯೇ ಮತ್ತೊಂದು ಸಲ ಅದನ್ನೇ ಹೇಳಿದಳು. ಅದಕ್ಕೇ ಕೇಳುತ್ತಿದ್ದೇನೆ. ನಿನ್ನ ದೊಡ್ಡ ಡ್ರಮ್ಮುಗಳಿಗೆ ಇಲ್ಲಿ ಜಾಗವಿಲ್ಲ. ಚಿಕ್ಕದೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಾ. ಬಾರಿಸುವಾಗ ಕೈ ಸ್ವಲ್ಪ ಹಗುರವಾಗಿರಲಿ ಮಗೂ, ಅವಳ ದನಿ ಕೇಳಬೇಕು.