ನನ್ನ ಉಪವಾಸ, ಇವರ ತೂಕ

ಹನ್ನೆರಡನೇ ತಾರೀಖು, ಗುರುವಾರ

ತೂಕ ಇಳಿಯದೆ ಮಂಡಿ ಆಪರೇಷನ್ ಇಲ್ಲ ಅಂತ ಡಾಕ್ಟರಮ್ಮ ಇವತ್ತೂ ಇವರನ್ನು ವಾಪಸ್ ಕಳಿಸಿದರು. ಇಳಿಯುವುದಿರಲಿ, ಮೂರು ಕಿಲೋ ಏರಿದೆ. ಇವರ ತೂಕ ಇಳಿಯಲಿ ಅಂತಲೇ ನಾನು ಹರಕೆ ಹೊತ್ತು ರಾತ್ರಿಯೂಟ ಬಿಟ್ಟಿದ್ದೆ.

"ರಾತ್ರಿ ಏನು ತಿಂತೀರಿ ಯಜಮಾನ್ರೇ?"

"ನನ್ನದು ಸ್ವಲ್ಪವೇ, ಡಾಕ್ಟ್ರೇ. ಆಮೇಲೆ ಇವಳ ಪಾಲು ಮಿಗುತ್ತಲ್ಲ. ಅನ್ನ ಚೆಲ್ಲೋದು ಪಾಪ ಅಲ್ವಾ?"

ಕೈ ಅಭ್ಯಾಸಕ್ಕೆ ನಾನು ಇಬ್ಬರಿಗೇ ಬೇಯಿಸುತ್ತಿದ್ದೆ. ಮಿಕ್ಕಿದ್ದನ್ನು ನಾಯಿಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಡಾಕ್ಟರಮ್ಮ ಕನ್ನಡಕ ತೆಗೆದು ನಕ್ಕರು. ನನಗೆ ನಗು ಬರಲಿಲ್ಲ. ಮೆಟ್ಟಿಲು ಇಳಿಯುವಾಗ ಇವರು ನರಳಿದ್ದು ಕೇಳಿ ತೋಳು ಹಿಡಿದುಕೊಂಡೆ.

ದೇವರೇ, ತಪ್ಪು ತಿಳೀಬೇಡ, ಹರಕೆ ಬದಲಾಯಿಸಿದ್ದೇನೆ. ಇವರ ಮಂಡಿ ಸರಿಹೋಗುವ ತನಕ ನನ್ನ ಪಾಲು ನಾನೇ ಉಣ್ಣುತ್ತೇನೆ. ಇವತ್ತೇ ಶುರು ಮಾಡಿದೆ. ಒಂದು ಅಗುಳೂ ಬಿಡಲಿಲ್ಲ. ಎದುರಿಗೆ ಕೂತು ನನ್ನ ತಟ್ಟೆಯನ್ನೇ ನೋಡುತ್ತಿದ್ದ ಇವರ ಮುಖ ಮಾತ್ರ ಇವತ್ತೇ ಸಣ್ಣಗಾಗಿತ್ತು.